ದಾಂಪತ್ಯದಲ್ಲಿ ಅರತಿ: 'ನಾಗಮಂಡಲ'ದ ಒಂದು ಪರಿಶೀಲನೆ

ಶೃಂಗಾರಕ್ಕೆ ರಸರಾಜನೆಂದು ಪಟ್ಟಕಟ್ಟಿದ ಆಲಂಕಾರಿಕರು ಅದನ್ನು ಸಂಭೋಗವೆಂದೂ ವಿಪ್ರಲಂಭವೆಂದೂ ಇಬ್ಭಾಗ ಮಾಡಿದರು. ವಿರಹಿಗಳಿಗೆ ಹತ್ತು ಅವಸ್ಥೆಗಳನ್ನು ಹೇಳಿದರು. ನಾಯಿಕೆಯರನ್ನು ಎಂಟು ಬಗೆಯಾಗಿ ಎಣಿಸಿದರು. ನಲ್ಲನಿಗಾಗಿ ಸಿಂಗರಿಸಿಕೊಂಡು ಕಾದಿರುವವಳಿಗೆ ಒಂದು ಹೆಸರು, ಸಂಕೇತಸ್ಥಾನಕ್ಕೆ ಹೋಗಿ ವಂಚಿತಳಾದವಳಿಗೆ ಒಂದು ಹೆಸರು, ಮುನಿದು ಅಟ್ಟಿ ಆಮೇಲೆ ಪರಿತಪಿಸುವವಳಿಗೆ ಮತ್ತೊಂದು. ಇಷ್ಟು ಸೂಕ್ಷ್ಮವಾಗಿ ನೋಡಬಲ್ಲವರು ಒಂದು ಸ್ಥಿತಿಗೆ ಮಾತ್ರ ಹೆಸರಿಡದೆ ಹೋದರು. ಅಗಲಿಕೆಯಿಲ್ಲ, ಮುನಿಸಿಲ್ಲ, ಒಂದೇ ಸೂರಿನ ಅಡಿಯಲ್ಲಿ ಗಂಡಹೆಂಡಿರು ಬಾಳುತ್ತಿದ್ದಾರೆ. ಆದರೆ ಇಬ್ಬರಲ್ಲಿ ಒಬ್ಬರಿಗೆ, ಇಲ್ಲವೆ ಇಬ್ಬರಿಗೂ, ಬಯಕೆಯೆಂಬುದೇ ಇಲ್ಲ. 'ಅರತಿ' ಎಂಬ ಶಬ್ದ ಶಾಸ್ತ್ರದಲ್ಲಿ ಇಲ್ಲದೆ ಇಲ್ಲ. ಆದರೆ ಅಲ್ಲಿ ಅದು ವಿರಹಿಗೆ ಪ್ರಿಯವ್ಯಕ್ತಿಯೊಂದನ್ನುಳಿದು ಮಿಕ್ಕ ವಿಷಯಗಳಲ್ಲೆಲ್ಲ ಹುಟ್ಟುವ ಬೇಸರ. ಅಂದರೆ ಬಯಕೆ ಮಿತಿಮೀರಿದುದರ ಲಕ್ಷಣ. ಮಿಕ್ಕ ವಿಷಯಗಳಲ್ಲೆಲ್ಲ ಆಸಕ್ತಿಯಿದ್ದು, ಕೈಹಿಡಿದವರಲ್ಲಿ ಮಾತ್ರ ಬಯಕೆಯಿಲ್ಲದಿರುವ ಅವಸ್ಥೆಗೆ ಆ ಶಬ್ದವನ್ನೇ ತಿರುಗಿಸಿ ಬಳಸಿದರೆ ಶಾಸ್ತ್ರಜ್ಞರು ಕ್ಷಮಿಸಬಹುದು.

ಹೆಸರಿಲ್ಲದ ರೋಗಕ್ಕೆ ನಿಂದೆಯೇ ನಿದಾನ. ಹೆಣ್ಣಿನಲ್ಲಿ ಇದು ಕಂಡರೆ ಅವಳು ಕೊರಡು; ಗಂಡಿನಲ್ಲಿ ಕಂಡರೆ ಅವನು ಷಂಡ. ಲೋಕದ ಬಾಯಿಗೆ ಇದಕ್ಕಿಂತ ಹೆಚ್ಚಿನ ಮಾತು ಬೇಕಾಗಿಲ್ಲ. ಕಾವ್ಯವಾದರೋ ಈ ಸ್ಥಿತಿಯಿಂದ ಹೊರಬೀಳುವುದಕ್ಕೆ ಎರಡು ಬಾಗಿಲುಗಳನ್ನು ತೆರೆದಿಟ್ಟಿತು. ಒಂದು ವೈರಾಗ್ಯದ ಬಾಗಿಲು, ಇನ್ನೊಂದು ಜಾರತನದ ಬಾಗಿಲು. ಪಂಪನ ಆದಿದೇವನು ನೀಲಾಂಜನೆಯ ನೃತ್ಯದ ನಡುವೆ ಅವಳ ಆಯುಷ್ಯ ಮುಗಿದುದನ್ನು ಕಂಡು ಭೋಗದಿಂದ ವಿಮುಖನಾಗುತ್ತಾನೆ. ಅವನ ಅರಸಿಯರ ಇರುಳುಗಳು ಏನಾದುವೆಂದು ಕೇಳುವುದು ಆ ಕಾವ್ಯದ ಕೆಲಸವಲ್ಲ. ಅಕ್ಕಮಹಾದೇವಿಗೆ ಕೌಶಿಕನ ಅರಮನೆಯಲ್ಲಿ ಇದ್ದುದು ಅರತಿಯೆನ್ನುವುದೂ ಸರಿಯಲ್ಲ. ಅವಳ ರತಿ ಮೊದಲೇ ಬೇರೆಡೆಯಲ್ಲಿ ನೆಟ್ಟಿತ್ತು. ೧೨೦೯ರಲ್ಲಿ ರಚಿತವಾದ ಜನ್ನನ 'ಯಶೋಧರ ಚರಿತೆ'ಯಲ್ಲಿ ಎರಡನೆಯ ಬಾಗಿಲು ತೆರೆಯುತ್ತದೆ. ಅಮೃತಮತಿಯು ಬೆಳಗಿನ ಜಾವದಲ್ಲಿ ಮಾವಟಿಗನೊಬ್ಬನ ಹಾಡನ್ನು ಕೇಳಿ ಮರುಳಾಗುತ್ತಾಳೆ. ಅವನು ಕುರೂಪಿಯೆಂದು ತಿಳಿದಮೇಲೂ ಅವಳ ಮನಸ್ಸು ಹಿಂದೆ ಸರಿಯುವುದಿಲ್ಲ. ಅರಸನಿಗೆ ರೂಪವಿತ್ತು, ಐಶ್ವರ್ಯವಿತ್ತು, ರಾಣಿಯ ಮೇಲೆ ಅಪಾರವಾದ ಮೋಹವೂ ಇತ್ತು. ಹೀಗಿರುವಲ್ಲಿ ಅವಳ ಮನಸ್ಸು ಅರಸನನ್ನು ಬಿಟ್ಟದ್ದು ಹಾಡು ಕೇಳಿದ ಮೇಲೋ, ಅದಕ್ಕೆ ಮೊದಲೋ? ಜನ್ನನು ಕೇಳಲಿಲ್ಲ. ಅವನ ಗುರಿ ಸಂಕಲ್ಪಹಿಂಸೆಯ ಫಲವನ್ನು ತೋರಿಸುವುದಾಗಿತ್ತು. ಕೇಳದೆ ಬಿಟ್ಟದ್ದು ದೋಷವಲ್ಲ. ಆದರೂ ಆ ಪದ್ಯಗಳನ್ನು ಓದಿದವರಿಗೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಒಬ್ಬರಲ್ಲಿ ಬಯಕೆ ತುಂಬಿ ತುಳುಕಿದ ಮಾತ್ರಕ್ಕೆ ಇನ್ನೊಬ್ಬರಲ್ಲಿ ಅದು ಹುಟ್ಟುವುದಿಲ್ಲ.

ಆಧುನಿಕ ಕನ್ನಡದಲ್ಲಿ ಈ ಪ್ರಶ್ನೆಯನ್ನು ಮೊದಲು ಕದಡಿದ ಕೃತಿಗಳಲ್ಲಿ ೧೯೬೫ರ 'ಸಂಸ್ಕಾರ' ಒಂದು. ಪ್ರಾಣೇಶಾಚಾರ್ಯರು ರೋಗಿಷ್ಠೆಯಾದ ಭಾಗೀರಥಿಯನ್ನು ತಿಳಿದೇ ಮದುವೆಯಾದವರು. ಅವಳ ಶುಶ್ರೂಷೆಯನ್ನು ತಪಸ್ಸೆಂದು ಭಾವಿಸಿದವರು. ಕಾಮವನ್ನು ಗೆದ್ದೆನೆಂಬ ಅವರ ನಂಬಿಕೆ ಅದನ್ನು ಎಂದೂ ಎದುರಿಸದೆ ಇದ್ದುದರ ಮೇಲೆ ನಿಂತಿತ್ತು. ಅಡವಿಯಲ್ಲಿ ಚಂದ್ರಿಯ ಸಂಗವಾದ ಮೇಲೆ ಅವರ ಕಣ್ಣಿಗೆ ಮೊದಲ ಬಾರಿಗೆ ಸುಂದರವಾದುದೂ ಅಸುಂದರವಾದುದೂ ಬೇರೆಬೇರೆಯಾಗಿ ಕಾಣತೊಡಗುತ್ತದೆ; ಹೆಂಡತಿಯ ಸೊರಗಿದ ದೇಹವೂ ಆಗಲೇ ಕಾಣುತ್ತದೆ. ಅದುವರೆಗೆ ಅವಳನ್ನು ಅವರು ನೋಡಿಯೇ ಇರಲಿಲ್ಲ! ದಯೆಯಿಂದ ಇಪ್ಪತ್ತು ವರ್ಷ ಸೇವೆ ಮಾಡಿಯೂ ಒಬ್ಬಳನ್ನು ನೋಡದಿರುವುದು ಸಾಧ್ಯವೆಂಬ ಈ ಕಟುಸತ್ಯವನ್ನು ಅನಂತಮೂರ್ತಿಯವರು ತೋರಿಸಿದರು. ಆದರೆ ಭಾಗೀರಥಿ ಸಾಯುತ್ತಾಳೆ, ಆಚಾರ್ಯರು ಊರು ಬಿಡುತ್ತಾರೆ. ಕಾದಂಬರಿ ಬೇರೊಂದು ದಾರಿ ಹಿಡಿಯುತ್ತದೆ. ಗಂಡಹೆಂಡಿರ ನಡುವಿನ ಅರತಿ ಹುಟ್ಟುವುದು ಹೇಗೆ, ಅದು ಕರಗುವುದು ಹೇಗೆ ಎಂಬುದನ್ನು ನಾಲ್ಕು ಗೋಡೆಗಳ ಒಳಗೇ ಇರಿಸಿ, ರಂಗದ ಮೇಲೆ ಇರುಳಿರುಳಾಗಿ ಬಿಡಿಸಿ ತೋರಿಸಿದ ಕೃತಿಯೆಂದರೆ ಗಿರೀಶ ಕಾರ್ನಾಡರ 'ನಾಗಮಂಡಲ'.

ಈ ನಾಟಕ ರೂಪುಗೊಂಡದ್ದು ೧೯೮೦ರ ದಶಕದ ಕೊನೆಯಲ್ಲಿ, ಕಾರ್ನಾಡರು ಷಿಕಾಗೊ ವಿಶ್ವವಿದ್ಯಾಲಯದಲ್ಲಿದ್ದ ಅವಧಿಯಲ್ಲಿ. ಅದರ ಮೂಲದ ಜನಪದ ಕಥೆಗಳನ್ನು ತಾವು ಎ. ಕೆ. ರಾಮಾನುಜನ್ ಅವರಿಂದ ಕೇಳಿದುದಾಗಿ ಅವರು ಸ್ಮರಿಸಿದ್ದಾರೆ. ೧೯೯೭ರಲ್ಲಿ ನಾಗಾಭರಣರ ಚಲನಚಿತ್ರವಾದಮೇಲಂತೂ ಕಥೆ ಮನೆಮಾತಾಗಿದೆ. ಅಪ್ಪಣ್ಣನೆಂಬವನು ಮೈನೆರೆದ ಹೆಂಡತಿ ರಾಣಿಯನ್ನು ತವರಿನಿಂದ ಕರೆತಂದು ಮನೆಯಲ್ಲಿ ಕೂಡಿ ಬೀಗ ಹಾಕುತ್ತಾನೆ. ಮಧ್ಯಾಹ್ನ ಬಂದು ಮೀಯುತ್ತಾನೆ, ಉಣ್ಣುತ್ತಾನೆ, ಮತ್ತೆ ಬೀಗ ಹಾಕಿಕೊಂಡು ಸೂಳೆಯ ಮನೆಗೆ ಹೋಗುತ್ತಾನೆ. ಕುರುಡವ್ವನೆಂಬ ಮುದುಕಿ ಮರುಕಗೊಂಡು ಗಂಡನನ್ನು ಒಲಿಸುವ ಬೇರನ್ನು ಕೊಡುತ್ತಾಳೆ. ರಾಣಿ ಅದನ್ನು ಅರೆದು ಬೆರೆಸಿದ ಸಾರು ರಕ್ತದಂತೆ ಕೆಂಪಾದಾಗ ಹೆದರಿ ಹುತ್ತದ ಮೇಲೆ ಚೆಲ್ಲುತ್ತಾಳೆ. ಹುತ್ತದ ನಾಗ ಅವಳಿಗೆ ಮನಸೋತು, ಅಪ್ಪಣ್ಣನ ರೂಪವನ್ನು ಧರಿಸಿ, ಬಚ್ಚಲ ತೂಬಿನಿಂದ ನುಸುಳಿ ಇರುಳಿನಲ್ಲಿ ಬರತೊಡಗುತ್ತಾನೆ.

ವಿಮರ್ಶಕರಲ್ಲಿ ಬಹುಮಂದಿಯ ಗಮನ ನಾಟಕದ ಕೊನೆಯ ಭಾಗಕ್ಕೆ ಹೋಗಿದೆ. ಬಸುರಾದ ರಾಣಿಯನ್ನು ಗಂಡ ಪಂಚಾಯತಿಯ ಮುಂದೆ ಎಳೆಯುವುದು, ಅವಳು ಹುತ್ತದಲ್ಲಿ ಕೈಯಿಟ್ಟು ನಾಗನನ್ನು ಹಿಡಿದು ದಿವ್ಯ ಮಾಡುವುದು, ಹಾವು ಅವಳ ಮೇಲೆ ಹೆಡೆಯೆತ್ತುವುದು, ಜನ ಅವಳನ್ನು ದೇವಿಯೆಂದು ಪೂಜಿಸುವುದು—ಇವು ರಂಗದ ಮೇಲೆ ಬೆರಗು ಹುಟ್ಟಿಸತಕ್ಕ ಸಂಗತಿಗಳೇ. ಪಾತಿವ್ರತ್ಯವೆಂಬ ಕಲ್ಪನೆಯನ್ನು ಅಣಕಿಸತಕ್ಕವೂ ಹೌದು. ಆದರೆ ನಾಟಕದ ಜೀವ ಅಲ್ಲಿಲ್ಲ. ನಾಗನು ಮೊದಲು ಬಂದ ಇರುಳಿಗೂ ಅವರಿಬ್ಬರ ಸಮಾಗಮವಾದ ಇರುಳಿಗೂ ನಡುವೆ ಕಳೆದ ಇರುಳುಗಳಲ್ಲಿ ಅದು ಅಡಗಿದೆ.

ಮೊದಲ ಇರುಳಿನ ರಾಣಿಯನ್ನು ನೋಡಬೇಕು. ಗಂಡ ಇರುಳಿನಲ್ಲಿ ಎದುರಿಗೆ ನಿಂತದ್ದನ್ನು ಕಂಡು ಅವಳಿಗಾಗುವುದು ಹರ್ಷವಲ್ಲ, ದಿಗಿಲು. ಊಟ ಬಡಿಸಬೇಕೇನೋ ಎಂಬುದೊಂದೇ ಅವಳಿಗೆ ಹೊಳೆಯುವ ಮಾತು. ಗಂಡನಿಗೂ ತನಗೂ ಇರುವ ಸಂಬಂಧವೆಲ್ಲ ಅಷ್ಟರಲ್ಲೇ ಮುಗಿದಿರುವುದರಿಂದ ಬೇರೆ ಏನು ತಾನೆ ಹೊಳೆದೀತು? ಅವಳ ಕನಸುಗಳಲ್ಲಿಯೂ ಗಂಡಿಲ್ಲ. ಹದ್ದೊಂದು ತನ್ನನ್ನು ಎತ್ತಿಕೊಂಡು ಏಳು ಕಡಲುಗಳಾಚೆಗೆ ಹಾರಬೇಕು, ಅಲ್ಲಿ ಅಪ್ಪ ಅವ್ವ ಕಾದಿರಬೇಕು—ಇದು ಅವಳ ಹಂಬಲ. ಈ ಹುಡುಗಿಯನ್ನು ಯಾರಾದರೊಬ್ಬ ಪಂಡಿತನ ಮುಂದೆ ನಿಲ್ಲಿಸಿದರೆ ಇವಳಲ್ಲಿ ಕಾಮವೇ ಇಲ್ಲವೆಂದು ಅವನು ತೀರ್ಪು ಕೊಟ್ಟಾನು. ನಾಟಕಕಾರರ ಕಾಣ್ಕೆ ಈ ತೀರ್ಪನ್ನು ಒಪ್ಪದಿರುವುದರಲ್ಲಿದೆ. ನಾಗನು ಆ ಇರುಳು ಅವಳನ್ನು ಬಯಸಿ ಬಂದವನಾದರೂ ಬಯಕೆಯ ಮಾತನ್ನಾಡುವುದಿಲ್ಲ. ಅವಳ ತಂದೆತಾಯಿಗಳ ಮಾತೆತ್ತುತ್ತಾನೆ. ಅವಳು ಅಳುತ್ತಾಳೆ, ಹೇಳಿಕೊಳ್ಳುತ್ತಾಳೆ, ಮಗುವಿನಂತೆ ಅವನಿಗೊರಗಿ ನಿದ್ದೆಹೋಗುತ್ತಾಳೆ. ಮನೆಗೆ ಬಂದಂದಿನಿಂದ ಅವಳ ಮಾತನ್ನು ಕೇಳಿದ ಮೊದಲ ಗಂಡಸು ಅವನು. ಹಾವಿಗೆ ಕಿವಿಯಿಲ್ಲವೆಂದು ಲೋಕ ಹೇಳುತ್ತದೆ; ಕಿವಿಯಿದ್ದ ಅಪ್ಪಣ್ಣ ಕೇಳಿದ್ದೇನೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇಲ್ಲಿ ವಾತ್ಸ್ಯಾಯನನನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 'ಕಾಮಸೂತ್ರ'ವೆಂದರೆ ಬಂಧಗಳ ಪಟ್ಟಿಯೆಂದು ತಿಳಿದವರು ಅದರ ಮೂರನೆಯ ಅಧಿಕರಣದ ಕನ್ಯಾವಿಸ್ರಂಭಣವೆಂಬ ಪ್ರಕರಣವನ್ನು ಓದಿದವರಲ್ಲ. ಮದುವೆಯಾದ ಮೂರು ಇರುಳು ದಂಪತಿಗಳು ನೆಲದ ಮೇಲೆ ಮಲಗತಕ್ಕದ್ದು, ಬ್ರಹ್ಮಚರ್ಯದಿಂದಿರತಕ್ಕದ್ದು, ಉಪ್ಪುಕಾರಗಳಿಲ್ಲದ ಆಹಾರ ತೆಗೆದುಕೊಳ್ಳತಕ್ಕದ್ದು. ಆಮೇಲೆ ಏಳು ದಿನ ಮಂಗಳಸ್ನಾನ, ಅಲಂಕಾರ, ಸಹಭೋಜನ, ಆಟನೋಟಗಳು. ಗೃಹ್ಯಸೂತ್ರಗಳೂ ಮೂರು ಇರುಳಿನ ವ್ರತವನ್ನು ಹೇಳುತ್ತವೆ. ಅಲ್ಲಿ ಅದು ಧರ್ಮಕ್ಕಾಗಿ. ವಾತ್ಸ್ಯಾಯನನಿಗೆ ಕಾರಣ ಬೇರೆಯಿದೆ. ಆ ಇರುಳುಗಳು ಹೆಣ್ಣಿನಲ್ಲಿ ವಿಸ್ರಂಭವನ್ನು, ಎಂದರೆ ನೆಚ್ಚಿಕೆಯನ್ನು, ಹುಟ್ಟಿಸುವುದಕ್ಕೆ. ಬಾಭ್ರವ್ಯನ ಅನುಯಾಯಿಗಳು ಇದಕ್ಕೆ ಆಕ್ಷೇಪವೆತ್ತುತ್ತಾರೆ: ಮೂರು ಇರುಳು ಕಂಬದಂತೆ ಮಾತಿಲ್ಲದೆ ಕುಳಿತವನನ್ನು ಕಂಡರೆ ಹುಡುಗಿಗೆ ಬೇಸರವಾಗದೆ, ಇವನು ಗಂಡಸೇ ಅಲ್ಲವೆಂಬ ತಿರಸ್ಕಾರ ಹುಟ್ಟದೆ? ಕೀಟಲೆಯ ಪ್ರಶ್ನೆಯೇನೋ ಹೌದು. ಆದರೆ ಉತ್ತರ ಗಂಭೀರವಾದದ್ದು. ವ್ರತವನ್ನು ಮುರಿಯಬೇಡ, ಆದರೆ ಒಲಿಸಿಕೊಳ್ಳುವುದನ್ನು ಮೊದಲ ದಿನದಿಂದಲೇ ತೊಡಗು ಎಂದು ವಾತ್ಸ್ಯಾಯನ ಹೇಳುತ್ತಾನೆ. ಹೆಂಗಸರ ಸ್ವಭಾವ ಹೂವಿನಂತೆ ಮೃದುವಾದದ್ದು, ನೆಚ್ಚಿಕೆ ಹುಟ್ಟುವ ಮೊದಲೇ ಬಲಾತ್ಕರಿಸಿದರೆ ಸಮಾಗಮವನ್ನೇ ಅವರು ದ್ವೇಷಿಸತೊಡಗುವರೆಂದು ಅವನ ಅಭಿಪ್ರಾಯ. ಪ್ರಕರಣದ ಕೊನೆಯ ಶ್ಲೋಕಗಳಲ್ಲಿ ಇದನ್ನು ಇನ್ನೂ ವಿಶದಪಡಿಸುತ್ತಾನೆ. ಮನವರಿಯದವನ ಕೈಗೆ ಸಿಕ್ಕಿದ ಹುಡುಗಿಗೆ ಭಯ, ನಡುಕ, ಉದ್ವೇಗಗಳುಂಟಾಗುತ್ತವೆ. ಅವು ದ್ವೇಷವಾಗಿ ಬಲಿಯುತ್ತವೆ. ಮುಂದೆ ಅವಳು ಗಂಡಸರನ್ನೆಲ್ಲ ದ್ವೇಷಿಸಬಹುದು, ಇಲ್ಲವೆ ಗಂಡನನ್ನು ಮಾತ್ರ ದ್ವೇಷಿಸಿ ಇನ್ನೊಬ್ಬನಲ್ಲಿಗೆ ಹೋಗಬಹುದು.

ಅರತಿಯ ನಿದಾನವನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಮಾತು ಹಳೆಯ ಶಾಸ್ತ್ರಗಳಲ್ಲಿ ಬೇರೆಲ್ಲಿಯೂ ಸುಲಭವಾಗಿ ದೊರೆಯದು. ಬಯಕೆಯಿಲ್ಲದಿರುವುದು ಹೆಣ್ಣಿನ ಸ್ವಭಾವವಲ್ಲ. ಅದು ಅವಳಿಗೆ ಆದುದರ ಫಲ. ಅವಳಿಗೆ ಅದು ರಕ್ಷೆ ಕೂಡ. ಹನ್ನೊಂದನೆಯ ಶತಮಾನದಲ್ಲಿಯೇ ಚಂದ್ರರಾಜನು 'ಮದನತಿಲಕ'ವನ್ನು ಕನ್ನಡದಲ್ಲಿ ಬರೆದನು. ಆದರೆ ಕಾಮಶಾಸ್ತ್ರವನ್ನು ಕಪಾಟಿನಲ್ಲಿ ಬಚ್ಚಿಟ್ಟು ಓದುವ ರೂಢಿಯಿಂದಾಗಿ, ಬಚ್ಚಿಡಬೇಕಾದ ಭಾಗಗಳು ಮಾತ್ರ ಓದಿಗೆ ಬಿದ್ದು, ತೆರೆದು ಓದಬೇಕಾದ ಈ ಭಾಗ ಬಚ್ಚಿಟ್ಟುಕೊಂಡಿತು.

ಹಾಗಾದರೆ ಕಾರ್ನಾಡರ ನಾಗನು ವಾತ್ಸ್ಯಾಯನನ ಪಾಠವನ್ನು ಒಪ್ಪಿಸುತ್ತಿದ್ದಾನೆಯೆ? ಅಷ್ಟು ಮಾತ್ರವಾಗಿದ್ದರೆ ನಾಟಕ ಪಾಠವಾಗುತ್ತಿತ್ತು. ಸಮಾಗಮವಾದ ಇರುಳಿನ ಅನಂತರದ ದೃಶ್ಯದಲ್ಲಿ ಅವರ ಪ್ರತಿಭೆ ಶಾಸ್ತ್ರವನ್ನು ಮೀರುತ್ತದೆ. ಅನುನಯವೆಲ್ಲ ನಡೆದಮೇಲೂ ರಾಣಿ ಮೂಲೆಯಲ್ಲಿ ಕುಳಿತು ಅಳುತ್ತಾಳೆ. ತಾನೇನೋ ಕೆಟ್ಟದ್ದನ್ನು ಮಾಡಿದೆನೆಂಬ ಭಾವ ಅವಳನ್ನು ಹಿಡಿದಿದೆ. ನೆಚ್ಚಿಕೆ ಬಂದಿದೆ, ಭಯ ಹೋಗಿದೆ. ಆದರೆ ನಾಚಿಕೆ ಉಳಿದಿದೆ, ಅದೂ ತನ್ನ ಮೈಯ ವಿಷಯದಲ್ಲಿ. ಆಗ ನಾಗನು ಕಪ್ಪೆ ಹಕ್ಕಿ ಇರುವೆಗಳವರೆಗೆ ಲೋಕದ ಜೀವಿಗಳೆಲ್ಲ ಜೊತೆಯನ್ನು ಅರಸುವ ಬಗೆಯನ್ನು ಅವಳಿಗೆ ವರ್ಣಿಸುತ್ತಾನೆ. ಗಂಡನೊಬ್ಬ ಹೆಂಡತಿಗೆ ಹೇಳಬಹುದಾಗಿದ್ದ, ಸಾಮಾನ್ಯವಾಗಿ ಯಾವ ಗಂಡನೂ ಹೇಳದಿರುವ, ಮಾತದು. ಅನಂತರ ಕೆಲವು ಇರುಳು ಕಳೆಯುವುದರೊಳಗೆ ರಾಣಿ ಹಗಲು ಮುಗಿಯುವುದನ್ನು ಕಾಯತೊಡಗುತ್ತಾಳೆ.

ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ರತಿಯು ಸ್ಥಾಯಿಭಾವ. ಅದು ಹೃದಯದಲ್ಲಿ ವಾಸನಾರೂಪವಾಗಿ ಇದ್ದೇ ಇರುತ್ತದೆ. ವಿಭಾವಗಳು ಕೂಡದಿದ್ದರೆ ಅದು ಏಳುವುದಿಲ್ಲ. ನಾಟಕ ನೋಡುವವನಿಗೆ ರಸಾನುಭವವಾಗದಿರಲು ಏಳು ವಿಘ್ನಗಳನ್ನು ಅಭಿನವಗುಪ್ತನು ಹೇಳಿದ್ದಾನೆ. ತನ್ನ ಸುಖದುಃಖಗಳಲ್ಲೇ ಮುಳುಗಿರುವುದು ಅವುಗಳಲ್ಲೊಂದು. ಮನೆಯ ಸಾಲ, ಕೂಸಿನ ಜ್ವರ, ಅತ್ತೆಯ ಮಾತು, ಕಚೇರಿಯ ದಣಿವು ಇವನ್ನು ಹೊತ್ತುಕೊಂಡು ಮಲಗುವ ಮನೆಗೆ ಬಂದವರಿಗೂ ಇದೇ ವಿಘ್ನ. ಸಹೃದಯನು ಟಿಕೇಟು ಕೊಂಡು ಬಂದು ಕುಳಿತ ಮಾತ್ರಕ್ಕೆ ರಸ ಹುಟ್ಟಬೇಕೆಂದು ಯಾವ ಆಲಂಕಾರಿಕನೂ ಹೇಳಲಿಲ್ಲ. ತಾಳಿ ಕಟ್ಟಿದ ಮಾತ್ರಕ್ಕೆ ರತಿ ಹುಟ್ಟಬೇಕೆಂದು ಮಾತ್ರ ಎಲ್ಲರೂ ನಂಬಿದ್ದಾರೆ.

ಆಶ್ಚರ್ಯವೆಂದರೆ, ಪಶ್ಚಿಮದ ವೈದ್ಯರು ಬಹುಕಾಲ ಸುತ್ತಿ ಬಂದು ಸೇರಿದ ನೆಲೆಯೂ ಇದಕ್ಕೆ ದೂರವಾದದ್ದಲ್ಲ. ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬವರು ೧೯೭೦ರಲ್ಲಿ ಪ್ರಕಟಿಸಿದ ಚಿಕಿತ್ಸೆಯ ಕ್ರಮದಲ್ಲಿ ದಂಪತಿಗಳಿಗೆ ವಿಧಿಸುತ್ತಿದ್ದ ಮೊದಲ ನಿಯಮವೇ ಸಂಭೋಗ ಕೂಡದೆಂಬುದು. ಕೆಲವು ದಿನ ಒಬ್ಬರನ್ನೊಬ್ಬರು ಸರದಿಯಂತೆ ಸುಮ್ಮನೆ ಮುಟ್ಟಬೇಕು. ಅದರಿಂದ ಏನನ್ನೂ ಸಾಧಿಸಹೊರಡಬಾರದು. ಮೂರು ಇರುಳಿನ ವ್ರತಕ್ಕೂ ಇದಕ್ಕೂ ಇರುವ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಲೆನ್ ಕಪ್ಲಾನ್ ಎಂಬಾಕೆ ೧೯೭೦ರ ದಶಕದಲ್ಲಿ ಬಯಕೆಯೆಂಬುದು ಮೈಯ ಉದ್ರೇಕಕ್ಕಿಂತ ಬೇರೆಯಾದ ಘಟ್ಟವೆಂದು ಎತ್ತಿ ತೋರಿಸಿದರು. ಕೆನಡದ ವೈದ್ಯೆ ರೋಸ್ಮರಿ ಬಾಸನ್ ೨೦೦೦ದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಹುದಿನ ಬಾಳಿದ ದಾಂಪತ್ಯಗಳಲ್ಲಿ ಹಲವರಿಗೆ, ಮುಖ್ಯವಾಗಿ ಹೆಂಗಸರಿಗೆ, ಬಯಕೆ ಮೊದಲು ಹುಟ್ಟಿ ಆಮೇಲೆ ಸಾಮೀಪ್ಯ ಬರುವುದಿಲ್ಲ, ಸಾಮೀಪ್ಯದಿಂದಲೇ ಬಯಕೆ ಹುಟ್ಟುತ್ತದೆ ಎಂದರು. ಹಸಿವಿನಂತೆ ತಾನಾಗಿ ಬಾರದುದನ್ನು ರೋಗವೆಂದೇ ತಿಳಿಯಬೇಕಾಗಿಲ್ಲವೆಂದು ಇದರ ತಾತ್ಪರ್ಯ. ಸ್ಥಾಯಿಭಾವ, ವಿಭಾವಗಳ ಮಾತನ್ನು ಬಲ್ಲವರಿಗೆ ಇದು ಹೊಸತೆನಿಸಲಾರದು.

ಇಷ್ಟನ್ನು ಹೇಳಿದಮೇಲೆ ಒಂದು ಎಚ್ಚರಿಕೆಯೂ ಬೇಕು. ಅರತಿಯೆಲ್ಲವೂ ಮನಸ್ಸಿನದೇ ಎಂದು ಕಾವ್ಯದ ಬಲದಿಂದ ಸಾಧಿಸಹೊರಟರೆ ಅಪಾಯವುಂಟು. ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ, ಸಿಹಿಮೂತ್ರರೋಗ, ರಕ್ತಹೀನತೆ, ಖಿನ್ನತೆಯ ರೋಗ, ಆ ರೋಗಕ್ಕೇ ಕೊಡುವ ಕೆಲವು ಔಷಧಗಳು, ಬಾಣಂತನ, ಮೊಲೆಯೂಡಿಸುವ ಕಾಲ, ಮುಟ್ಟು ನಿಲ್ಲುವ ಕಾಲದ ವ್ಯತ್ಯಾಸಗಳು, ಗಂಡಸಿನಲ್ಲಿ ಟೆಸ್ಟೊಸ್ಟಿರೋನ್ ಎಂಬ ರಸ ತಗ್ಗುವುದು, ಹೆಂಗಸಿಗೆ ಸಮಾಗಮದಲ್ಲಿ ನೋವಾಗುವುದು—ಇವೆಲ್ಲ ಬಯಕೆಯನ್ನು ಕುಗ್ಗಿಸುತ್ತವೆ. ಇವುಗಳಿಗೆ ನಾಗನ ಮಾತು ಸಾಲದು, ವೈದ್ಯನು ಬೇಕು. ಸ್ವತಃ ವೈದ್ಯೆಯಾಗಿದ್ದ ಅನುಪಮಾ ನಿರಂಜನರು 'ದಾಂಪತ್ಯ ದೀಪಿಕೆ'ಯನ್ನು ಬರೆದು ಈ ಸಂಕೋಚದ ವಿಷಯವನ್ನು ಕನ್ನಡ ಮನೆಗಳ ಒಳಗೆ ಮರ್ಯಾದೆಯಿಂದ ತಂದರು. ಅವರ ಆ ಉಪಕಾರವನ್ನು ಸಾಹಿತ್ಯಚರಿತ್ರೆ ಬರೆಯುವವರು ಸಾಹಿತ್ಯವಲ್ಲವೆಂದು ಬದಿಗಿಡುವುದು ಸರಿಯಲ್ಲ.

ಔಷಧದ ಮಾತು ಬಂದುದರಿಂದ ಕುರುಡವ್ವನ ಬೇರಿನ ಕಡೆಗೆ ತಿರುಗಬಹುದು. ಕುರುಡವ್ವನ ಯೌವನದಲ್ಲಿ ಬೇರು ಫಲಿಸಿತ್ತು. ಕುರುಡಿಯನ್ನು ಯಾರೂ ಮದುವೆಯಾಗದಿದ್ದಾಗ ಅದರ ಮಹಿಮೆಯಿಂದ ಅವಳಿಗೆ ಗಂಡ ದೊರೆತನು. ರಾಣಿಯ ಕೈಯಲ್ಲಿ ಸಣ್ಣ ಬೇರು ಅಪ್ಪಣ್ಣನಿಗೆ ತಲೆಸುತ್ತು ತರಿಸಿತೇ ಹೊರತು ಒಲವನ್ನು ತರಲಿಲ್ಲ. ದೊಡ್ಡ ಬೇರು ಹುತ್ತದ ಪಾಲಾಯಿತು. ಜನಪದ ಕಥೆಗಾರರಿಗೆ ಮದ್ದಿನ ಮಹಿಮೆಯಲ್ಲಿ ನಂಬಿಕೆ. ಕಾರ್ನಾಡರು ಮದ್ದನ್ನು ಇಟ್ಟುಕೊಂಡೇ ಅದರ ಮಹಿಮೆಯನ್ನು ಕಡಮೆಮಾಡಿದರು. ಅದು ನಾಗನನ್ನು ಮನೆಯೊಳಕ್ಕೆ ಕರೆತಂದಿತು, ರಾಣಿಯ ಮನಸ್ಸಿನೊಳಕ್ಕೆ ಅವನು ತಾನಾಗಿ ನಡೆದುಹೋಗಬೇಕಾಯಿತು. ಬೇರನ್ನು ಹುಡುಕುವ ಚಟ ಇಂದಿಗೂ ಹೋಗಿಲ್ಲ. ೧೯೯೮ರಲ್ಲಿ ಪೇಟೆಗೆ ಬಂದ ಸಿಲ್ಡೆನಾಫಿಲ್ ಎಂಬ ಗುಳಿಗೆ ರಕ್ತದ ಹರಿವನ್ನು ಸರಿಪಡಿಸುತ್ತದೆ. ಬಯಕೆ ಮೊದಲೇ ಇರಬೇಕು. ಹೆಂಗಸರ ಬಯಕೆಗೆಂದೇ ಅಮೆರಿಕದಲ್ಲಿ ೨೦೧೫ರಲ್ಲಿ ಅನುಮತಿ ಪಡೆದ ಫ್ಲಿಬಾನ್ಸೆರಿನ್ ಎಂಬುದರ ಪ್ರಯೋಜನ ಅಲ್ಪವಾದದ್ದು. ರಸ್ತೆಯ ಬದಿಯಲ್ಲಿ ಗುಡಾರ ಹಾಕಿಕೊಂಡು ಬೇರುನಾರು ಮಾರುವವರ ಬಳಿಗೆ ಹೋಗುವವರು, ಮನೆಯಲ್ಲಿ ಹೆಂಡತಿಯೊಡನೆ ಅರ್ಧ ಗಳಿಗೆ ಕುಳಿತು ಅವಳ ತವರಿನ ಮಾತೆತ್ತಿದವರೇ ಎಂಬುದನ್ನು ಯಾರೂ ಕೇಳುವುದಿಲ್ಲ.

ಇನ್ನು ಅಪ್ಪಣ್ಣ. ಈ ನಾಟಕದ ಗುಣವನ್ನೆಲ್ಲ ಒಪ್ಪಿಕೊಂಡಮೇಲೆ ಅದರ ಮೇಲಿನ ಮುಖ್ಯವಾದ ಆಕ್ಷೇಪ ಇಲ್ಲಿಂದ ಏಳುತ್ತದೆ. ಅರತಿ ರಾಣಿಯಲ್ಲಿ ಮಾತ್ರ ಇರಲಿಲ್ಲ. ಸೂಳೆಯ ಮನೆಗೆ ತಪ್ಪದೆ ಹೋಗುವ ಅಪ್ಪಣ್ಣನಿಗೆ ಕಾಮದ ಬಡತನವಿಲ್ಲ; ಹೆಂಡತಿಯ ವಿಷಯದಲ್ಲಿ ಮಾತ್ರ ಅವನು ಕಲ್ಲು. ಇದು ಏಕೆ? ನೋಡದೆಯೇ ಅವಳನ್ನು ಏಕೆ ತಿರಸ್ಕರಿಸಿದನು? ಬೀಗ ಏಕೆ ಹಾಕಿದನು? ಹೆಣ್ಣಿನ ಅರತಿಯನ್ನು ಇರುಳಿರುಳಾಗಿ ಬಿಡಿಸಿದ ನಾಟಕಕಾರರು ಗಂಡಿನ ಅರತಿಯ ಕದವನ್ನು ಒಮ್ಮೆಯೂ ತಟ್ಟುವುದಿಲ್ಲ. ಅಪ್ಪಣ್ಣನೆಂದರೆ ಯಾವನೇ ಗಂಡಸು ಎಂದು ಹೆಸರಿನಲ್ಲೇ ಸೂಚಿಸಿ ಸುಮ್ಮನಾಗುತ್ತಾರೆ. ಯಾವನೋ ಒಬ್ಬನಾದವನಿಗೆ ಮನಸ್ಸು ಇರಬೇಕಾಗಿಲ್ಲವೆ? ದಿವ್ಯವಾದಮೇಲೆ ಒಂದು ಕ್ಷಣ ಮಾತ್ರ ಅವನಿಗೆ ಸ್ವಗತವಿದೆ. ತಾನು ಹೆಂಡತಿಯನ್ನು ಕೂಡಿದವನಲ್ಲವೆಂದು ಅವನಿಗೆ ಗೊತ್ತು, ಮಗು ಹುಟ್ಟುವುದೂ ಗೊತ್ತು, ಲೋಕವೆಲ್ಲ ಅವಳನ್ನು ದೇವಿಯೆನ್ನುತ್ತಿದೆ. ಆ ಕ್ಷಣದಲ್ಲಿ ಅವನಿಗೆ ಹುಟ್ಟುವುದು ಲೋಕ ತನಗೆ ಅನ್ಯಾಯ ಮಾಡಿತೆಂಬ ದಿಗ್ಭ್ರಮೆ. ರಾಣಿಗೆ ತಾನು ಏನು ಮಾಡಿದೆನೆಂಬ ಪ್ರಶ್ನೆ ಅಲ್ಲಿ ಮೊಳೆಯಬಹುದಾಗಿತ್ತು, ಮೊಳೆಯುವುದಿಲ್ಲ. ಅದಾದಮೇಲೆ ಅವನು ಸದ್ಗೃಹಸ್ಥನಾಗುತ್ತಾನೆ, ಸೂಳೆಯು ರಾಣಿಯ ಮನೆಯ ಆಳಾಗುತ್ತಾಳೆ. ಕಥೆ ಇದನ್ನು ವರವೆಂಬಂತೆ ಹೇಳಿ ಮುಗಿಸುತ್ತದೆ.

ಅಂದರೆ ಕಲಿತವನು ನಾಗ, ಫಲವುಂಡವನು ಅಪ್ಪಣ್ಣ. ಇರುಳಿರುಳು ಬಂದು ಕಾದವನು, ಹೇಳಿದ್ದನ್ನು ಕೇಳಿದವನು, ಕಾವಲು ನಾಯಿಯೊಡನೆ ಮುಂಗುಸಿಯೊಡನೆ ಹೋರಾಡಿ ಗಾಯಗೊಂಡವನು ಒಬ್ಬ. ಬೆಳಗಾದಮೇಲೆ ಆ ಮನೆಯ ಯಜಮಾನನಾಗಿ ಉಳಿದವನು ಇನ್ನೊಬ್ಬ. ಒಬ್ಬನೇ ಗಂಡನ ಎರಡು ಮುಖಗಳನ್ನು ನಾಗ ಅಪ್ಪಣ್ಣರು ಸೂಚಿಸುತ್ತಾರೆಂದು ಕೆಲವರು ಸಮಾಧಾನ ಹೇಳುವುದುಂಟು: ಹಗಲಿನ ಗಂಡ ಒಬ್ಬ, ಇರುಳಿನ ಗಂಡ ಒಬ್ಬ. ಸೊಗಸಾದ ವಿವರಣೆ. ಅವಿಭಕ್ತ ಕುಟುಂಬದ ಮನೆಗಳಲ್ಲಿ ಹಗಲು ಹೆಂಡತಿಯ ಮುಖವೆತ್ತಿ ನೋಡದ ಗಂಡ ಇರುಳಿನಲ್ಲಿ ಮಾತ್ರ ಗಂಡನಾಗುತ್ತಿದ್ದ ಅನುಭವ ಅದರ ಹಿಂದಿರುವುದೂ ನಿಜ. ಆದರೆ ನಾಟಕ ಅವರಿಬ್ಬರನ್ನು ಒಬ್ಬನಾಗಿಸುವುದಿಲ್ಲ, ಒಬ್ಬನನ್ನು ಕೊಲ್ಲುತ್ತದೆ.

ಇನ್ನೂ ಒಂದು ತೊಡಕಿದೆ. ನಾಗನ ನಯವೆಲ್ಲವೂ ಸುಳ್ಳು ರೂಪದ ಮೇಲೆ ನಿಂತದ್ದು. ರಾಣಿಯು ಹಗಲಿನ ಗಂಡನಿಗೂ ಇರುಳಿನ ಗಂಡನಿಗೂ ಇರುವ ಭೇದವನ್ನು ಕಂಡು ಕೇಳಹೊರಟಾಗಲೆಲ್ಲ ಅವನು ಪ್ರಶ್ನೆ ಕೇಳಬೇಡವೆನ್ನುತ್ತಾನೆ. ಪ್ರಶ್ನೆ ಕೇಳಬೇಡವೆಂಬುದು ಅಪ್ಪಣ್ಣನ ಮಾತೂ ಹೌದು! ನೆಚ್ಚಿಕೆಯನ್ನು ಹುಟ್ಟಿಸಿದವನೇ ನೆಚ್ಚಿಕೆಯ ಬುಡದಲ್ಲಿ ವಂಚನೆಯನ್ನಿಟ್ಟಿದ್ದಾನೆ. ಅವಳು ಒಪ್ಪಿದ್ದು ಯಾರನ್ನು? ಕನ್ನಡಿಯಲ್ಲಿ ಹಾವಿನ ಪ್ರತಿಬಿಂಬ ಕಂಡಾಗ, ಗಾಯಕ್ಕೆ ಮದ್ದು ಹಚ್ಚುವ ಕೈಗೆ ಮೈ ತಣ್ಣಗೆ ತಗುಲಿದಾಗ, ಅವಳಿಗೆ ತಿಳಿಯಿತೆ? ತಿಳಿದೂ ತಿಳಿಯದಂತಿದ್ದಳೆ? ನಾಟಕಕಾರರು ಈ ಪ್ರಶ್ನೆಯನ್ನು ಮರೆಮಾಡಿಲ್ಲ, ಅದು ಅವರ ಪ್ರಾಮಾಣಿಕತೆ. ಆದರೆ ಇದರಿಂದ ಒಂದು ಕಹಿಯಾದ ಅರ್ಥ ಹೊರಡುತ್ತದೆ: ಹೆಣ್ಣಿನ ಬಯಕೆ ಎಚ್ಚರಗೊಳ್ಳಬೇಕಾದರೆ ನಿಜವಾದ ಗಂಡ ಮನೆಯಲ್ಲಿರಬಾರದು.

ತ್ರಿವೇಣಿಯವರ 'ಶರಪಂಜರ'ವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಕೊರತೆ ಇನ್ನೂ ಸ್ಪಷ್ಟವಾಗುತ್ತದೆ. ೧೯೭೧ರಲ್ಲಿ ಪುಟ್ಟಣ್ಣ ಕಣಗಾಲರ ಚಿತ್ರವಾಗಿ ಹೆಸರಾದ ಆ ಕಾದಂಬರಿಯಲ್ಲಿ ಗಂಡಹೆಂಡಿರ ನಡುವೆ ಮೊದಲು ಅನುರಾಗವಿತ್ತು. ಹೆರಿಗೆಯ ಅನಂತರ ಕಾವೇರಿಗೆ ಚಿತ್ತವಿಕಾರವಾಗಿ, ಆಸ್ಪತ್ರೆಯಲ್ಲಿ ಗುಣಪಡೆದು ಅವಳು ಮನೆಗೆ ಮರಳಿದಾಗ, ಗಂಡನೇ ಹತ್ತಿರ ಸುಳಿಯುವುದಿಲ್ಲ. ಅವಳ ನಗು ಅಳು ಮಾತು ಮೌನ ಎಲ್ಲವನ್ನೂ ಮನೆಯವರು ಹುಚ್ಚಿನ ಚಿಹ್ನೆಯೆಂದು ಕಾಣುತ್ತಾರೆ. ಸತೀಶನ ಅರತಿಗೆ ಬೇರು ಬೇಕಾಗಿರಲಿಲ್ಲ. ಭಯವೂ ಜುಗುಪ್ಸೆಯೂ ಅವನಲ್ಲಿ ಹೇಗೆ ಕೂಡಿಕೊಂಡುವು ಎಂಬುದನ್ನು ಒಬ್ಬರು ಅವನ ಬಾಯಿಂದ ಹೊರಡಿಸಬೇಕಾಗಿತ್ತು. ತ್ರಿವೇಣಿಯವರೂ ಕಾವೇರಿಯ ಕಡೆಯೇ ನಿಂತರು. ನಿಲ್ಲದಿರುವುದು ಹೇಗೆ? ನೊಂದವಳ ಕಡೆಗೆ ನಿಲ್ಲುವುದು ಧರ್ಮ. ಆದರೂ ಅವಳು ಮತ್ತೆ ಬುದ್ಧಿ ಕಳೆದುಕೊಳ್ಳುವುದರ ಹೊರತು ಬೇರೆ ದಾರಿಯನ್ನು ಆ ಕಾದಂಬರಿ ಕಾಣಲಿಲ್ಲ. ಕಾರ್ನಾಡರೇ ಜನ್ನನ ಕಥೆಯನ್ನು ಎತ್ತಿಕೊಂಡು ೧೯೮೦ರಲ್ಲಿ '​ಹಿಟ್ಟಿನ ಹುಂಜ'ವನ್ನು ಬರೆದಾಗಲೂ ರಾಣಿಯ ಹೆಜ್ಜೆ ಮಾವಟಿಗನ ಕಡೆಗೇ ಸಾಗಿತು. ಅದೇ ಗಂಡ, ಅದೇ ಹೆಂಡತಿ, ನಡುವೆ ತಣ್ಣಗಾದ ಬಯಕೆ. ಹೊರಗಿನವರು ಯಾರೂ ಬಾರದೆ, ಯಾರೂ ಸಾಯದೆ, ಊರು ಬಿಡದೆ, ಅವರಿಬ್ಬರೇ ಅದನ್ನು ಮಾತಿಗೆ ತಂದುಕೊಂಡು ಮತ್ತೆ ಹತ್ತಿರವಾದ ಕಥೆ ಕನ್ನಡದ ದೊಡ್ಡ ಕೃತಿಗಳಲ್ಲಿ ಹುಡುಕಿದರೆ ಸಿಕ್ಕುವುದು ದುರ್ಲಭ. ನಿತ್ಯಜೀವನದಲ್ಲಿ ಅದು ಅಷ್ಟು ದುರ್ಲಭವಲ್ಲ. ಬಾಣಂತನ ಮುಗಿದು ವರ್ಷವಾದಮೇಲೆ, ಕಾಯಿಲೆಯಿಂದೆದ್ದಮೇಲೆ, ಮಕ್ಕಳು ದೂರದೂರಿಗೆ ಹೋಗಿ ಮನೆ ಬರಿದಾದಮೇಲೆ, ಎಷ್ಟೋ ದಂಪತಿಗಳು ಸದ್ದಿಲ್ಲದೆ ಈ ದಾರಿ ಹಿಡಿದು ಬಂದಿದ್ದಾರೆ. ಅದರಲ್ಲಿ ಹಾವಿಲ್ಲ, ಪಂಚಾಯತಿಯಿಲ್ಲ. ಆದಕಾರಣ ಲೇಖಕರ ಕಣ್ಣಿಗೆ ಬಿದ್ದಿಲ್ಲವೆಂದು ತೋರುತ್ತದೆ.

'ನಾಗಮಂಡಲ'ಕ್ಕೆ ಮಾತ್ರ ಈ ಕೊರತೆ ಒಳಗಿಂದಲೇ ತಿಳಿದಿತ್ತು. ದಿವ್ಯದ ಅನಂತರ ಎಲ್ಲವೂ ಸುಖಾಂತವಾಗಿ ಮುಗಿದಮೇಲೆ, ಕಥೆ ಕೇಳುತ್ತಿದ್ದವರ ನಡುವೆ ಸಂದೇಹವೇಳುತ್ತದೆ: ನಿಜವಾದ ಗಂಡ ಪಕ್ಕದಲ್ಲಿ ಮಲಗಿದ ಮೊದಲ ಇರುಳು ರಾಣಿಗೆ ಅವನು ಬೇರೆಯವನೆಂದು ತಿಳಿಯದೆ ಇದ್ದೀತೆ? ಈ ಪ್ರಶ್ನೆಗೆ ಉತ್ತರ ಹೇಳುವುದಕ್ಕೆಂದೇ ನಾಟಕ ಮತ್ತೆ ಮುಂದುವರಿಯುತ್ತದೆ. ಒಂದು ಮುಕ್ತಾಯದಲ್ಲಿ ನಾಗನು ಅವಳ ಕೂದಲಿಗೆ ಸುತ್ತಿಕೊಂಡು ಪ್ರಾಣಬಿಡುತ್ತಾನೆ. ಮಗನ ಕೈಯಿಂದ ಅವನಿಗೆ ಸಂಸ್ಕಾರ ಮಾಡಿಸಬೇಕೆಂದು ರಾಣಿ ಕೇಳುತ್ತಾಳೆ, ಅಪ್ಪಣ್ಣ ಒಪ್ಪುತ್ತಾನೆ. ಅವನು ಮರುಮಾತಾಡದೆ ಒಪ್ಪುವುದರಲ್ಲಿ, ಬಹುಶಃ ಇಡೀ ನಾಟಕದಲ್ಲಿ ಅಲ್ಲಿ ಮಾತ್ರ, ಅವನಿಗೂ ಏನೋ ತಿಳಿಯಿತೆಂಬ ನೆರಳಿದೆ. ಇನ್ನೊಂದು ಮುಕ್ತಾಯದಲ್ಲಿ ನಾಗನು ಸಾಯುವುದಿಲ್ಲ. ಗಂಡನ ಕಣ್ಣಿಗೆ ಬೀಳದಂತೆ ರಾಣಿ ಅವನನ್ನು ತನ್ನ ತುರುಬಿನಲ್ಲಿ ಅಡಗಿಸಿಕೊಳ್ಳುತ್ತಾಳೆ. ದೀಪ ಆರುವ ಹೊತ್ತಿಗೆ ಒಂದು ಹಾಸಿಗೆಯ ಮೇಲೆ ಅಪ್ಪಣ್ಣ ಇದ್ದಾನೆ, ರಾಣಿ ಇದ್ದಾಳೆ, ಅವಳ ಕೂದಲಿನಲ್ಲಿ ಅವಳ ಇರುಳುಗಳೆಲ್ಲ ಇವೆ. ಬೀಗ ಹಾಕಿದ ಬಾಗಿಲು ಈಗ ತೆರೆದಿದೆ. ಕೂದಲೇಕೆ ಇಷ್ಟು ಭಾರವಾಯಿತೆಂದು ಅಪ್ಪಣ್ಣ ಇನ್ನೂ ಕೇಳಿಲ್ಲ.